ಮಿಷನ್‌ಗೆ ಬರುವ ತಂಡಗಳನ್ನು ನೋಡಿಕೊಳ್ಳುವುದು ಹೇಗೆ: ಉಗಾಂಡಾಕ್ಕೆ ಹೊರಟ ಸ್ವಯಂಸೇವಕರಿಗೆ

ನಾನು ಚಿಕ್ಕವಳಿದ್ದಾಗ ಮಂಗಳೂರಿನ ನಮ್ಮ ಸಭೆಗೆ ಆಗಾಗ ಹೊರದೇಶದ ಅತಿಥಿಗಳು ಬರುತ್ತಿದ್ದರು. 1834ರಲ್ಲಿ ಬಾಸೆಲ್ ಮಿಷನ್‌ನವರು ಕೆಲಸ ಶುರು ಮಾಡಿದ ಊರಲ್ವಾ, ಆ ನಂಟು ಹಾಗೇ ಉಳಿದಿತ್ತು. ಅವರು ಬರುವ ದಿನ ನಮಗೆಲ್ಲ ಬಿಳಿ ಅಂಗಿ ಹಾಕಿಸಿ, ಕೈಗೆ ಹೂ ಕೊಟ್ಟು, ಗೇಟಿನಿಂದ ಚರ್ಚ್ ಬಾಗಿಲವರೆಗೆ ಎರಡು ಸಾಲಾಗಿ ನಿಲ್ಲಿಸುತ್ತಿದ್ದರು. ಕಾರು ತಡವಾಗಿ ಬರುತ್ತಿತ್ತು. ಬಿಸಿಲಿಗೆ ತಲೆ ಸುತ್ತುತ್ತಿತ್ತು. ಆಮೇಲೆ ಅವರು ಇಳಿದು, ನಗುತ್ತಾ ನಮ್ಮ ಕೆನ್ನೆ ಮುಟ್ಟಿ, ಫೋಟೋ ತೆಗೆದುಕೊಂಡು ಒಳಗೆ ಹೋಗುತ್ತಿದ್ದರು. ಒಳ್ಳೆಯ ಜನ. ಆದರೆ ಆ ಫೋಟೋಗಳಲ್ಲಿ ಒಂದನ್ನೂ ನಾನು ಇವತ್ತಿನವರೆಗೆ ನೋಡಿಲ್ಲ.

ದೊಡ್ಡವಳಾದ ಮೇಲೆ ಉಗಾಂಡಾದ ಒಂದು ಮಿಷನ್‌ಗೆ ಎರಡು ವರ್ಷದ ಮಟ್ಟಿಗೆ ಸ್ವಯಂಸೇವಕಿಯಾಗಿ ಹೋದೆ. ಅಲ್ಲಿ ನನಗೆ ಕೊಟ್ಟ ಕೆಲಸ ಅದೇ: ಹೊರಗಿನಿಂದ ಬರುವ ತಂಡಗಳನ್ನು ನೋಡಿಕೊಳ್ಳುವುದು. ರಾಜಧಾನಿ ಕಂಪಾಲಾದಿಂದ ಜಿಂಜಾ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಮುಕೋನೋ ದಾಟಿ, ಕೆಂಪು ಮಣ್ಣಿನ ರಸ್ತೆಯಲ್ಲಿ ಒಳಗೆ ಹೋದರೆ ನಮ್ಮ ಹಳ್ಳಿ. ಒಂದು ಚರ್ಚ್, ಒಂದು ಶಾಲೆ, ಸಣ್ಣ ಕ್ಲಿನಿಕ್, ಆರು ಕೋಣೆಯ ಗೆಸ್ಟ್ ಹೌಸ್. ಅಮೆರಿಕ, ಇಂಗ್ಲೆಂಡ್, ಕೊರಿಯಾ ಕಡೆಯಿಂದ 12ರಿಂದ 18 ಜನರ ತಂಡಗಳು ಹತ್ತು ಹನ್ನೆರಡು ದಿನ ಸೇವೆ ಮಾಡಲೆಂದು ಬರುತ್ತಿದ್ದವು.

ಈಗ ನಮ್ಮ ಕಡೆಯ ಹುಡುಗ ಹುಡುಗಿಯರೂ ಇಂಥ ಕೆಲಸಕ್ಕೆ ಹೋಗುತ್ತಿದ್ದಾರೆ, ನನಗೆ ಫೋನ್ ಮಾಡಿ ಕೇಳುತ್ತಾರೆ. ಎಲ್ಲರಿಗೂ ಒಂದೇ ಮಾತು ಹೇಳುತ್ತೇನೆ. ತಂಡ ಹನ್ನೆರಡು ದಿನ ಇರುತ್ತದೆ, ಹಳ್ಳಿ ಯಾವಾಗಲೂ ಇರುತ್ತದೆ. ನಿಮ್ಮ ಕೆಲಸ ತಂಡಕ್ಕೆ ಊಟ ವಸತಿ ನೋಡುವುದಷ್ಟೇ ಅಲ್ಲ. ಸಾಲಿನಲ್ಲಿ ನಿಂತ ಮಗುವಿನ ಕಡೆಯಿಂದ ಎಲ್ಲವನ್ನೂ ನೋಡಬೇಕು. ಕೆಳಗಿನ ಪ್ರತಿಯೊಂದು ಹೆಜ್ಜೆಯೂ ಅದರಿಂದಲೇ ಬಂದದ್ದು.

1. ಹೊರಡುವ ಮೊದಲು

ಕಾಗದಪತ್ರದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಉಗಾಂಡಾದ ವೀಸಾಕ್ಕೆ ಅಲ್ಲಿನ ಸರ್ಕಾರದ ವೆಬ್‌ಸೈಟ್‌ನಲ್ಲೇ ಅರ್ಜಿ ಹಾಕಬೇಕು. ಪ್ರವಾಸಿ ವೀಸಾದಲ್ಲಿ ಹೋಗಿ ಒಂದು ವರ್ಷ ಕೆಲಸ ಮಾಡಿಬಿಡೋಣ ಅಂದುಕೊಳ್ಳಬೇಡಿ. ಸಂಬಳ ಇಲ್ಲದಿದ್ದರೂ ಅದು ಕೆಲಸವೇ, ಅದಕ್ಕೆ ಬೇರೆ ಪರವಾನಗಿ ಬೇಕು, ಅದನ್ನು ಮಾಡಿಸಿಕೊಡಬೇಕಾದವರು ನಿಮ್ಮನ್ನು ಕರೆಸಿಕೊಳ್ಳುವ ಮಿಷನ್‌ನವರು. "ಬನ್ನಿ, ಆಮೇಲೆ ನೋಡೋಣ" ಅಂದರೆ ಹೊರಡಬೇಡಿ.

ಹಳದಿ ಜ್ವರದ ಲಸಿಕೆ ಕಡ್ಡಾಯ. ಎಲ್ಲ ಆಸ್ಪತ್ರೆಯಲ್ಲೂ ಹಾಕುವುದಿಲ್ಲ, ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ, ಮೊದಲೇ ದಿನ ಗೊತ್ತು ಮಾಡಿಕೊಂಡು ಹೋಗಬೇಕು. ಹಾಕಿಸಿಕೊಂಡು 10 ದಿನ ಆದ ಮೇಲೆಯೇ ಅದಕ್ಕೆ ಮಾನ್ಯತೆ. ಆ ಹಳದಿ ಕಾರ್ಡನ್ನು ಪಾಸ್‌ಪೋರ್ಟ್ ಜೊತೆಗೇ ಇಟ್ಟುಕೊಳ್ಳಿ. ಅದಿಲ್ಲದೆ ಉಗಾಂಡಾದಿಂದ ವಾಪಸ್ ಬಂದರೆ ನಮ್ಮ ದೇಶದ ವಿಮಾನ ನಿಲ್ದಾಣದಲ್ಲೇ ತಡೆದು ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸುತ್ತಾರೆ. ಮಲೇರಿಯಾ ಅಲ್ಲಿ ವರ್ಷಪೂರ್ತಿ ಇದೆ, ಹಾಗಾಗಿ ಮಾತ್ರೆಯ ವಿಷಯ ಡಾಕ್ಟರ ಹತ್ತಿರ ಮಾತಾಡಿಯೇ ಹೊರಡಿ. ಪ್ಲಗ್ ಪಾಯಿಂಟು ಇಂಗ್ಲೆಂಡಿನ ತರಹದ ಚೌಕ ಮೂರು ಪಿನ್ನಿನದು, ನಮ್ಮ ಪಿನ್ ಹೋಗುವುದಿಲ್ಲ. ಎರಡು ಅಡಾಪ್ಟರ್ ಇಟ್ಟುಕೊಳ್ಳಿ.

2. ಮೊದಲ ತಿಂಗಳು ತಂಡ ಬೇಡ ಅನ್ನಿ

ಇದನ್ನು ಮಿಷನ್‌ನವರ ಹತ್ತಿರ ಮೊದಲೇ ಕೇಳಿಕೊಳ್ಳಿ. ನೀವು ಅಲ್ಲಿಗೆ ತಲುಪಿದ ವಾರವೇ ತಂಡ ಕೈಗೆ ಕೊಟ್ಟರೆ ನೀವೂ ಅವರ ಜೊತೆ ಇನ್ನೊಬ್ಬ ಅತಿಥಿ, ಅಷ್ಟೇ.

ಆ ತಿಂಗಳಲ್ಲಿ ಮಾಡಬೇಕಾದ ಮೊದಲ ಕೆಲಸ, ಹಳ್ಳಿಯ ಅಧ್ಯಕ್ಷರನ್ನು ಕಂಡು ಮಾತಾಡಿಸುವುದು. ಉಗಾಂಡಾದಲ್ಲಿ ಪ್ರತಿ ಹಳ್ಳಿಗೂ ಒಂದು ಸ್ಥಳೀಯ ಸಮಿತಿ ಇರುತ್ತದೆ, ಎಲ್‌ಸಿ ಒನ್ ಅನ್ನುತ್ತಾರೆ, ಅದರ ಅಧ್ಯಕ್ಷರಿಗೆ ಊರಿಗೆ ಯಾರು ಬಂದರು ಯಾರು ಹೋದರು ಎಲ್ಲ ಗೊತ್ತಿರಬೇಕು. ಸಭಾಪಾಲಕರ ಜೊತೆ ಹೋಗಿ, ಕೂತು, ಕೊಟ್ಟ ಚಹಾ ಕುಡಿದು ಬನ್ನಿ. ಮುಂದೆ ಯಾವ ತಂಡ ಬರುವುದಿದ್ದರೂ ಅವರಿಗೆ ಮೊದಲು ತಿಳಿಸಿ.

ಎರಡನೆಯದು ಮಾತು. ಮುಕೋನೋ ಕಡೆ ಲುಗಾಂಡಾ ಭಾಷೆ. ಪೂರ್ತಿ ಕಲಿಯಲು ಆಗದಿದ್ದರೂ ಕುಶಲ ಕೇಳುವುದನ್ನು ಕಲಿಯಲೇಬೇಕು. "ಓಲಿ ಓತ್ಯಾ" ಅಂದರೆ ಹೇಗಿದ್ದೀರಿ. "ವೆಬಾಲೆ" ಅಂದರೆ ಧನ್ಯವಾದ. ನನಗೆ ತುಂಬ ಇಷ್ಟವಾದದ್ದು "ಜೆಬಾಲೆ ಕೋ". ಕೆಲಸ ಮಾಡುತ್ತಿರುವವರನ್ನು ಕಂಡರೆ ಹೇಳುವ ಮಾತು ಅದು, ದುಡಿಯುತ್ತಿದ್ದೀರಿ, ಒಳ್ಳೆಯದಾಯಿತು ಅನ್ನುವ ಅರ್ಥ. ಬಾಳೆತೋಟದಲ್ಲಿ ಅಗೆಯುವ ಅಜ್ಜಿಗೂ ಹೇಳುತ್ತಾರೆ, ಪಾತ್ರೆ ತೊಳೆಯುವ ಹುಡುಗಿಗೂ ಹೇಳುತ್ತಾರೆ. ಗಂಡಸರನ್ನು "ಸ್ಸೆಬೋ", ಹೆಂಗಸರನ್ನು "ನ್ಯಾಬೋ" ಅಂತ ಗೌರವದಿಂದ ಕರೆಯುತ್ತಾರೆ. ವಯಸ್ಸಾದವರು "ಜಾಜಾ". ಕುಶಲ ಕೇಳದೆ ನೇರ ವಿಷಯಕ್ಕೆ ಬರುವುದು ಅಲ್ಲಿ ಒರಟುತನ. ಅಂಗಡಿಯಲ್ಲಿ ಉಪ್ಪು ಕೇಳುವ ಮೊದಲೂ ಹೇಗಿದ್ದೀರಿ ಅನ್ನಬೇಕು.

ಗಂಟೆಯ ಲೆಕ್ಕ ಸರಿಯಾಗಿ ತಿಳಿದುಕೊಳ್ಳಿ. ಲುಗಾಂಡಾದಲ್ಲಿ ದಿನ ಶುರುವಾಗುವುದು ಬೆಳಗ್ಗೆ ಆರರಿಂದ. ಏಳು ಗಂಟೆ ಅಂದರೆ ಒಂದನೇ ಗಂಟೆ, ಎಂಟು ಅಂದರೆ "ಸ್ಸಾವಾ ಬಿರಿ", ಎರಡನೇ ಗಂಟೆ. ಡ್ರೈವರ್ ಅಣ್ಣನಿಗೆ ಹಳ್ಳಿಯವರು ಯಾರೋ ಎರಡಕ್ಕೆ ಬಾ ಅಂದಿದ್ದರೆ ಅದು ಬೆಳಗ್ಗೆ ಎಂಟೋ ಮಧ್ಯಾಹ್ನ ಎರಡೋ ಅಂತ ಮತ್ತೆ ಕೇಳಿ ಖಚಿತ ಮಾಡಿಕೊಳ್ಳಿ. ನಮ್ಮ ಒಂದು ತಂಡ ಇದೇ ಕಾರಣಕ್ಕೆ ಶಾಲೆಯ ಕಾರ್ಯಕ್ರಮ ತಪ್ಪಿಸಿಕೊಂಡಿತು. ಮಕ್ಕಳು ಆರು ಗಂಟೆ ಕಾದರು. ಆ ದಿನ ನನಗೆ ಊಟ ಸೇರಲಿಲ್ಲ.

ನೀವು ಭಾರತದವರು ಅನ್ನುವುದಕ್ಕೂ ಅಲ್ಲಿ ಒಂದು ಅರ್ಥ ಇದೆ. ನಿಮ್ಮನ್ನು "ಮುಯಿಂಡಿ" ಅನ್ನುತ್ತಾರೆ, ಯಾವ ಅಂಗಡಿ ನಿಮ್ಮದು ಅಂತ ಕೇಳುತ್ತಾರೆ. 1972ರಲ್ಲಿ ಆಗಿನ ಅಧ್ಯಕ್ಷ ಇದಿ ಅಮೀನ್ 90 ದಿನದ ಗಡುವು ಕೊಟ್ಟು ಏಷ್ಯಾದವರನ್ನು ದೇಶ ಬಿಡಿಸಿದ ಕಥೆ ಅಲ್ಲಿನ ಹಿರಿಯರಿಗೆ ನೆನಪಿದೆ. ಅದರ ಬಗ್ಗೆ ಮಾತು ಬಂದರೆ ಕೇಳಿಸಿಕೊಳ್ಳಿ, ವಾದಕ್ಕೆ ಹೋಗಬೇಡಿ. ಇನ್ನೊಂದು ಕಡೆ, ನಮಗೆ ಗುರುತಿರುವ ಎಷ್ಟೋ ವಸ್ತುಗಳು ಅಲ್ಲಿವೆ. ಚಪಾತಿ ಅಲ್ಲಿನ ಬೀದಿಯ ತಿಂಡಿ, ಹೆಸರೂ ಚಪಾತಿಯೇ. ಇದ್ದಿಲ ಒಲೆಗೆ "ಸಿಗಿರಿ" ಅನ್ನುತ್ತಾರೆ, ಉತ್ತರ ಕರ್ನಾಟಕದವರ ಶೆಗಡಿ ನೆನಪಾಗುತ್ತದೆ. ಹಲಸಿನ ಹಣ್ಣು "ಫೆನೆ". ಮಳೆ ಬಿದ್ದಾಗ ಬರುವ ಕೆಂಪು ಮಣ್ಣಿನ ವಾಸನೆ ನಮ್ಮ ಮಲೆನಾಡಿನದೇ.

3. ತಂಡಕ್ಕೆ ಕೆಲಸ ಹುಡುಕುವುದು

ಇಡೀ ಹೊಣೆಯಲ್ಲಿ ಕಷ್ಟದ ಭಾಗ ಇದು, ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಬರುವವರು ಏನಾದರೂ ಕಟ್ಟಬೇಕು, ಬಣ್ಣ ಹೊಡೆಯಬೇಕು, ಕೊಡಬೇಕು ಅಂತ ಆಸೆಯಿಂದ ಬರುತ್ತಾರೆ. ಆಸೆ ತಪ್ಪಲ್ಲ. ಆದರೆ ನನ್ನ ಮೊದಲ ತಂಡ ಶಾಲೆಯ ಗೋಡೆ ಕಟ್ಟಿತು. 14 ಜನ, ಒಬ್ಬರೂ ಇಟ್ಟಿಗೆ ಹಿಡಿದವರಲ್ಲ. ನಾಲ್ಕು ದಿನ ಹಾಡು ಹೇಳುತ್ತಾ, ಬೆವರು ಸುರಿಸಿ ಕಟ್ಟಿದರು. ಗೋಡೆ ವಾಲಿತ್ತು. ತಂಡ ಹೋದ ಮರುದಿನ ಊರಿನ ಗಾರೆಯವರು ಬಂದು ಅರ್ಧ ಗೋಡೆ ಕೆಡವಿ ಮತ್ತೆ ಕಟ್ಟಿದರು. ಅವರಲ್ಲಿ ಹಿರಿಯರೊಬ್ಬರು ಕೈ ತೊಳೆಯುತ್ತಾ ನನಗೆ ಹೇಳಿದ್ದು ಇಷ್ಟೇ: "ನಮ್ಮನ್ನು ಮೊದಲೇ ಕರೆದಿದ್ದರೆ ಸಿಮೆಂಟ್ ಉಳಿಯುತ್ತಿತ್ತಲ್ಲ, ನ್ಯಾಬೋ." ಆ ನಾಲ್ಕು ದಿನ ಅವರಿಗೆ ಕೂಲಿ ಇರಲಿಲ್ಲ. ತಂಡದವರು ಕೂಲಿ ಇಲ್ಲದೆ ಮಾಡಿದ್ದು ಅವರ ಕೆಲಸವನ್ನೇ.

ಅಲ್ಲಿಂದ ಮುಂದೆ ನಾನು ಮೂರು ಪ್ರಶ್ನೆ ಕೇಳಿಯೇ ಕೆಲಸ ಒಪ್ಪಿಕೊಳ್ಳುತ್ತಿದ್ದೆ. ಇದನ್ನು ಕೇಳಿದವರು ಯಾರು, ಹಳ್ಳಿಯವರೋ ತಂಡದವರೋ? ಇದರಿಂದ ಊರಿನವರ ಕೂಲಿ ಹೋಗುತ್ತದಾ? ತಂಡ ಹೋದ ಮೇಲೆ ಇದನ್ನು ನಡೆಸಿಕೊಂಡು ಹೋಗುವವರು ಯಾರು? ಮೂರಕ್ಕೂ ಸರಿಯಾದ ಉತ್ತರ ಸಿಕ್ಕರೆ ಮಾತ್ರ ಮುಂದೆ. ಕಟ್ಟಡದ ಕೆಲಸವಿದ್ದರೆ ಗಾರೆಯವರೇ ಮೇಸ್ತ್ರಿ, ತಂಡದವರು ಅವರ ಕೈಕೆಳಗೆ ಇಟ್ಟಿಗೆ ಹೊರುವವರು, ನೀರು ತರುವವರು. ಗಾರೆಯವರ ಕೂಲಿ ತಂಡದ ಖರ್ಚಿನಲ್ಲಿ ಮೊದಲೇ ಸೇರಿರಬೇಕು. ಬೇರೆ ದೇಶದ ದೊಡ್ಡ ಕೆಲಸದಲ್ಲಿರುವ ಎಂಜಿನಿಯರ್ ಒಬ್ಬರು ನಮ್ಮ ಹಳ್ಳಿಯ ಮೇಸ್ತ್ರಿಯಿಂದ ಕರಣೆ ಹಿಡಿಯುವುದನ್ನು ಕಲಿಯುತ್ತಾ ನಿಂತದ್ದನ್ನು ನೋಡಿದಾಗ ನನಗಾದ ಸಂತೋಷವನ್ನು ಹೇಳಲಾರೆ. ಆ ಮೇಸ್ತ್ರಿಯ ಮುಖವನ್ನು ನೀವು ನೋಡಬೇಕಿತ್ತು.

ವೈದ್ಯಕೀಯ ಶಿಬಿರ ಇನ್ನೂ ಸೂಕ್ಷ್ಮ. ಹೊರದೇಶದ ಡಾಕ್ಟರು, ನರ್ಸುಗಳು ಉಗಾಂಡಾದ ವೈದ್ಯ ಮಂಡಳಿ, ನರ್ಸುಗಳ ಮಂಡಳಿಯಲ್ಲಿ ನೋಂದಣಿ ಮಾಡಿಸಿಕೊಂಡೇ ರೋಗಿಗಳನ್ನು ಮುಟ್ಟಬೇಕು. ತಿಂಗಳುಗಟ್ಟಲೆ ಮೊದಲೇ ಕಾಗದ ಕಳಿಸಿ. ಸೂಟ್‌ಕೇಸಿನಲ್ಲಿ ತುಂಬಿಕೊಂಡು ಬರುವ ಔಷಧಿಗೂ ಅಲ್ಲಿನ ರಾಷ್ಟ್ರೀಯ ಔಷಧ ಪ್ರಾಧಿಕಾರದ ಒಪ್ಪಿಗೆ ಬೇಕು. ವಿದ್ಯಾರ್ಥಿಗಳು ಹೊಲಿಗೆ ಹಾಕುವುದು, ಇಂಜೆಕ್ಷನ್ ಕೊಡುವುದು ಬೇಡವೇ ಬೇಡ. ಅವರ ಊರಿನಲ್ಲಿ ಮಾಡಲು ಬಿಡದ ಕೆಲಸವನ್ನು ನಮ್ಮ ಹಳ್ಳಿಯ ಮಗುವಿನ ಮೇಲೆ ಕಲಿಯುವುದು ಸೇವೆ ಅಲ್ಲ. ಇದನ್ನು ತಂಡದ ನಾಯಕರಿಗೆ ಮುಖಕ್ಕೆ ಹೇಳಬೇಕಾಗಿ ಬಂದರೆ ಹೇಳಿ. ನಾನು ಹೇಳಿದ್ದೇನೆ, ಅವರು ಒಪ್ಪಿಕೊಂಡಿದ್ದಾರೆ.

ಅನಾಥಾಶ್ರಮಕ್ಕೆ ಕರೆದುಕೊಂಡು ಹೋಗಿ ಅಂತ ಬಹಳ ತಂಡಗಳು ಕೇಳುತ್ತವೆ. ನಾನು ಒಯ್ಯುತ್ತಿರಲಿಲ್ಲ. ಅಂಥ ಮನೆಗಳಲ್ಲಿರುವ ಎಷ್ಟೋ ಮಕ್ಕಳಿಗೆ ಅಪ್ಪನೋ ಅಮ್ಮನೋ ಇದ್ದಾರೆ, ಬಡತನದಿಂದ ಅಲ್ಲಿಗೆ ಬಂದವರು. ಎರಡು ಗಂಟೆ ಎತ್ತಿ ಮುದ್ದಾಡಿ, ಅಳುತ್ತಾ ಬಿಟ್ಟು ಹೋಗುವುದು, ಮುಂದಿನ ತಿಂಗಳು ಇನ್ನೊಂದು ತಂಡ ಅದನ್ನೇ ಮಾಡುವುದು. ಬಿಟ್ಟು ಹೋಗುವುದನ್ನು ಆ ಮಗು ಎಷ್ಟು ಸಲ ಸಹಿಸಬೇಕು? ಅದರ ಬದಲು ಶಾಲೆಯ ಟೀಚರುಗಳ ಜೊತೆ ಕೂತು ಅವರಿಗೆ ಬೇಕಾದ ಪಾಠದ ಸಾಮಾನು ತಯಾರಿಸಿ ಕೊಡುವುದು, ಹಳ್ಳಿಯ ಅಮ್ಮಂದಿರ ಜೊತೆ ತೋಟಕ್ಕೆ ಹೋಗುವುದು, ಕಾಯಿಲೆಯವರ ಮನೆಗೆ ಸಭೆಯ ಹಿರಿಯರ ಜೊತೆ ಪ್ರಾರ್ಥನೆಗೆ ಹೋಗುವುದು. ಇವು ಕಣ್ಣಿಗೆ ದೊಡ್ಡದಾಗಿ ಕಾಣುವ ಕೆಲಸಗಳಲ್ಲ. ಹಳ್ಳಿಯವರು ನೆನಪಿಟ್ಟುಕೊಂಡಿರುವುದು ಇವನ್ನೇ.

4. ಎರಡು ತಿಂಗಳ ಮೊದಲು ಕಳಿಸಬೇಕಾದ ಪತ್ರ

ತಂಡದ ನಾಯಕರಿಗೆ ಒಂದು ಉದ್ದದ ಪತ್ರ ಬರೆಯಿರಿ, ಪ್ರತಿಯೊಬ್ಬರಿಗೂ ಓದಿಸಿ ಅನ್ನಿ. ಹೆಂಗಸರಿಗೆ ಮೊಣಕಾಲು ಮುಚ್ಚುವ ಲಂಗ, ಗಂಡಸರಿಗೆ ಚರ್ಚಿಗೆ ಉದ್ದ ಪ್ಯಾಂಟು. ಮಳೆ ಮಾರ್ಚ್‌ನಿಂದ ಮೇವರೆಗೆ ಜಾಸ್ತಿ, ಮತ್ತೆ ಸೆಪ್ಟೆಂಬರ್‌ನಿಂದ ನವೆಂಬರ್, ಆಗ ಬರುವವರು ರಬ್ಬರ್ ಬೂಟು ತರಲಿ. ಡಾಲರ್ ನೋಟು ಹೊಸದಾಗಿರಬೇಕು, ಹರಿದದ್ದು, ಗೀಚಿದ್ದು, ಹಳೆಯ ಇಸವಿಯದ್ದು ಯಾರೂ ತೆಗೆದುಕೊಳ್ಳುವುದಿಲ್ಲ. 50 ಮತ್ತು 100ರ ನೋಟಿಗೆ ಸಿಗುವ ಬೆಲೆ ಸಣ್ಣ ನೋಟಿಗೆ ಸಿಗುವುದಿಲ್ಲ. ಮಲೇರಿಯಾ ತಡೆಗೆ ಡಾಕ್ಸಿಸೈಕ್ಲಿನ್ ಮಾತ್ರೆ ತೆಗೆದುಕೊಳ್ಳುವವರಿಗೆ ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ, ಟೋಪಿ ಬೇಕು. ಆ ಮಾತ್ರೆಯನ್ನು ಊಟದ ಜೊತೆ ಒಂದು ದೊಡ್ಡ ಲೋಟ ನೀರಿನಲ್ಲಿ ನುಂಗಿ, ತಕ್ಷಣ ಮಲಗದೆ ಕೂತಿರಬೇಕು, ಇಲ್ಲವಾದರೆ ಅನ್ನನಾಳ ಉರಿಯುತ್ತದೆ.

ಹಳೆ ಬಟ್ಟೆ, ಆಟಿಕೆ ಸೂಟ್‌ಕೇಸ್ ತುಂಬಿಕೊಂಡು ಬರಬೇಡಿ ಅಂತ ಖಂಡಿತ ಬರೆಯಿರಿ. ಬೇಕಾದದ್ದು ಮುಕೋನೋ ಪೇಟೆಯಲ್ಲಿ ಸಿಗುತ್ತದೆ, ಅಲ್ಲಿ ಕೊಂಡರೆ ಅಲ್ಲಿನ ಅಂಗಡಿಯವರಿಗೂ ನಾಲ್ಕು ಕಾಸು.

ವಿಮಾನದ ದಾರಿ ಮುಚ್ಚಿದರೆ ಏನು ಅನ್ನುವುದನ್ನೂ ಸೇರಿಸಿ. 2020ರ ಮಾರ್ಚ್‌ನಲ್ಲಿ ಉಗಾಂಡಾದ ಎಂಟೆಬ್ಬೆ ವಿಮಾನ ನಿಲ್ದಾಣ ಪ್ರಯಾಣಿಕರಿಗೆ ಮುಚ್ಚಿತು. 2022ರ ಸೆಪ್ಟೆಂಬರ್‌ನಲ್ಲಿ ಮುಬೆಂಡೆ ಕಡೆ ಎಬೋಲಾ ಬಂತು. ಪ್ರತಿಯೊಬ್ಬರಿಗೂ ಪ್ರಯಾಣ ವಿಮೆ ಇರಲಿ, ಅದರ ನಂಬರು ನಿಮ್ಮ ಹತ್ತಿರ ಕಾಗದದಲ್ಲಿ ಇರಲಿ.

5. ವಿಮಾನ ನಿಲ್ದಾಣದಿಂದ ಹಳ್ಳಿಗೆ

ಯುರೋಪಿನಿಂದ ಬರುವ ವಿಮಾನಗಳು ಹೆಚ್ಚಾಗಿ ರಾತ್ರಿ ಇಳಿಯುತ್ತವೆ. ರಾತ್ರಿ ಹಳ್ಳಿಗೆ ಹೊರಡಬೇಡಿ. ಎಂಟೆಬ್ಬೆಯಲ್ಲೇ ಒಂದು ಗೆಸ್ಟ್ ಹೌಸ್ ಗೊತ್ತು ಮಾಡಿ ಮಲಗಿಸಿ. ಹೆದ್ದಾರಿಯಲ್ಲಿ ದೀಪವಿಲ್ಲದ ಲಾರಿಗಳು ನಿಂತಿರುತ್ತವೆ, ಬೋಡಾ ಬೋಡಾ ಅನ್ನುವ ಬಾಡಿಗೆ ಬೈಕುಗಳು ಎಲ್ಲಿಂದಲೋ ನುಗ್ಗುತ್ತವೆ. ಎಂಟೆಬ್ಬೆಯಿಂದ ಕಂಪಾಲಾ ಸುಮಾರು 40 ಕಿಲೋಮೀಟರ್, ಈಗ ಎಕ್ಸ್‌ಪ್ರೆಸ್ ದಾರಿ ಇದೆ, ಟೋಲ್ ಕಟ್ಟಬೇಕು. ಕಷ್ಟ ಶುರುವಾಗುವುದು ಕಂಪಾಲಾದ ಟ್ರಾಫಿಕ್‌ನಲ್ಲಿ. ಬೆಳಗ್ಗೆ ತಿಂಡಿ ಮುಗಿಸಿ, ಆಫೀಸಿನ ಗಡಿಬಿಡಿ ಇಳಿದ ಮೇಲೆ ಹೊರಡಿ.

15 ಜನಕ್ಕೆ ಕೋಸ್ಟರ್ ಬಸ್ ಒಂದು ಸಾಕಾಗುತ್ತದೆ ಅಂದುಕೊಳ್ಳುತ್ತೀರಿ, ಆದರೆ ಪ್ರತಿಯೊಬ್ಬರಿಗೂ ಎರಡೆರಡು ದೊಡ್ಡ ಪೆಟ್ಟಿಗೆ. ಲಗೇಜಿಗೆ ಬೇರೆ ವ್ಯಾನ್ ಹೇಳಿ. ನಿಲ್ದಾಣದಿಂದ ಹೊರಡುವ ಮೊದಲು ತಲೆ ಎಣಿಸಿ, ಪಾಸ್‌ಪೋರ್ಟ್ ಎಣಿಸಿ. ಬಸ್ಸಿನಲ್ಲಿ ಕುಡಿಯುವ ನೀರು, ವಾಂತಿಗೆ ಕವರ್, ಟಾಯ್ಲೆಟ್ ಪೇಪರ್ ಇರಲಿ. ಮುಕೋನೋ ದಾಟಿ ನಾಮಾವೊಜೊಲೊ ಹತ್ತಿರ ರಸ್ತೆಬದಿಯವರು ಕಡ್ಡಿಗೆ ಸಿಕ್ಕಿಸಿದ ಕೋಳಿ, ಸುಟ್ಟ ಗೊಂಜಾ ಬಾಳೆ ಹಿಡಿದು ಕಿಟಕಿಗೇ ಬರುತ್ತಾರೆ. ಗೊಂಜಾ ಬಿಸಿಯಾಗಿದ್ದರೆ ಧೈರ್ಯವಾಗಿ ತಿನ್ನಿಸಿ, ಎಲ್ಲರ ಮುಖವೂ ಅರಳುತ್ತದೆ.

ಹಳ್ಳಿಗೆ ಬಂದಾಗ ಮಕ್ಕಳನ್ನು ಸಾಲಾಗಿ ನಿಲ್ಲಿಸುವುದನ್ನು ನಾನು ನಿಲ್ಲಿಸಿದೆ. ಹೆಡ್‌ಮಾಸ್ಟರ್ ಹತ್ತಿರ ನನ್ನ ಬಾಲ್ಯದ ಕಥೆ ಹೇಳಿದೆ, ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು "ಹಾಗಾದರೆ ಅವರೇ ತರಗತಿಗೆ ಬರಲಿ" ಅಂದರು. ಆಮೇಲೆ ತಂಡದವರೇ ತರಗತಿಗೆ ಹೋಗಿ, ಹಿಂದಿನ ಬೆಂಚಿನಲ್ಲಿ ಕೂತು, ಒಂದು ಪಾಠ ಕೇಳಿ ಬರುತ್ತಿದ್ದರು.

6. ಮೊದಲ ಬೆಳಗ್ಗೆ ಹೇಳಬೇಕಾದದ್ದು

ಒಂದು ಗಂಟೆ ಕೂರಿಸಿ, ಚಹಾ ಕೊಟ್ಟು, ನಿಧಾನ ಹೇಳಿ. ನಲ್ಲಿಯ ನೀರು ಕುಡಿಯಬೇಡಿ, ಹಲ್ಲುಜ್ಜಲೂ ಕುದಿಸಿದ ನೀರು. ಸೊಳ್ಳೆಪರದೆಯನ್ನು ಹಾಸಿಗೆ ಕೆಳಗೆ ಸಿಕ್ಕಿಸುವುದು ಹೇಗೆ ಅಂತ ಕೈಯಾರೆ ತೋರಿಸಿ. ಗುಂಡಿ ಕಕ್ಕಸು ಬಳಸುವುದನ್ನೂ ನಾಚಿಕೆ ಇಲ್ಲದೆ ವಿವರಿಸಿ, ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ಎಲ್ಲರಿಗೂ ತಿಳಿಯಬೇಕಿರುತ್ತದೆ. ವಿಕ್ಟೋರಿಯಾ ಸರೋವರ ಎಷ್ಟೇ ಚೆನ್ನಾಗಿ ಕಂಡರೂ ದಡದ ನೀರಿಗೆ ಇಳಿಯಬೇಡಿ, ಬಿಲ್‌ಹಾರ್ಜಿಯಾ ಕಾಯಿಲೆಯ ಹುಳು ಚರ್ಮದ ಮೂಲಕವೇ ಒಳಗೆ ಹೋಗುತ್ತದೆ. ಬರಿಗಾಲಲ್ಲಿ ನಡೆಯಬೇಡಿ.

ಊರಿನ ಹೆಂಗಸರು, ಹುಡುಗಿಯರು ಮಂಡಿಯೂರಿ ಕುಶಲ ಕೇಳಬಹುದು. ತಂಡದವರಿಗೆ ಮುಜುಗರವಾಗಿ ಕೈ ಹಿಡಿದು ಎಬ್ಬಿಸಲು ಹೋಗುತ್ತಾರೆ. ಬೇಡ ಅನ್ನಿ. ಅದು ಬುಗಾಂಡಾದವರು, ಅಂದರೆ ಲುಗಾಂಡಾ ಮಾತಾಡುವ ಆ ಸೀಮೆಯವರು, ಹಿರಿಯರಿಗೆ, ಅತಿಥಿಗೆ ಕೊಡುವ ಮರ್ಯಾದೆ. ನಮ್ಮಲ್ಲಿ ಕಾಲಿಗೆ ನಮಸ್ಕಾರ ಮಾಡುವುದಿಲ್ವಾ, ಹಾಗೆಯೇ. ಬಗ್ಗಿ, ನಿಧಾನವಾಗಿ, ಪೂರ್ತಿ ಕುಶಲ ವಿಚಾರಿಸಿದರೆ ಸಾಕು.

ಫೋಟೋಕ್ಕೆ ನನ್ನ ನಿಯಮ ಸ್ವಲ್ಪ ಬಿಗಿ. ಮೊದಲ ಮೂರು ದಿನ ಯಾರೂ ಕ್ಯಾಮೆರಾ ತೆಗೆಯಬಾರದು. ಆಮೇಲೆ ಹೆಸರು ಗೊತ್ತಿರುವವರ ಫೋಟೋ ಮಾತ್ರ, ಕೇಳಿ ತೆಗೆಯಬೇಕು, ಮಕ್ಕಳದ್ದಾದರೆ ಅಪ್ಪ ಅಮ್ಮನನ್ನು ಕೇಳಬೇಕು. ಕ್ಲಿನಿಕ್‌ನಲ್ಲಿ ಯಾರದ್ದೂ ಬೇಡ.

7. ಅಡುಗೆಮನೆ, ನೀರು, ಜ್ವರ

ಲೆಕ್ಕ ಮಾಡುವಾಗ ತಂಡದ 15 ಜನ ಅಂತ ಬರೆಯಬೇಡಿ. ಅಡುಗೆಯ ಅಕ್ಕ, ಅವರ ಇಬ್ಬರು ಸಹಾಯಕರು, ಡ್ರೈವರ್, ಕಾವಲಿನವರು, ಭಾಷೆ ತಿಳಿಸಲು ಬರುವ ಹುಡುಗ, ಸಭಾಪಾಲಕರು, ನೀವು. 23 ಆಯಿತು. ಅವರೆಲ್ಲ ಅದೇ ಪಾತ್ರೆಯಿಂದ, ಅದೇ ಮೇಜಿನಲ್ಲಿ ಊಟ ಮಾಡುವಂತೆ ನೋಡಿಕೊಳ್ಳಿ. ಅತಿಥಿಗಳಿಗೆ ಕೋಳಿ, ಕೆಲಸದವರಿಗೆ ಹಿಂದುಗಡೆ ಬರೀ ಬೀನ್ಸ್ ಅನ್ನುವ ಪದ್ಧತಿ ಮೊದಲು ಇತ್ತು. ಅದನ್ನು ಬಿಡಿಸಲು ನನಗೆ ಎರಡು ತಂಡ ಹಿಡಿಯಿತು. ಖರ್ಚು ಸ್ವಲ್ಪ ಏರಿತು, ಅದನ್ನು ತಂಡಕ್ಕೆ ಹೇಳಿದೆ, ಒಬ್ಬರೂ ಬೇಡ ಅನ್ನಲಿಲ್ಲ.

ತಲೆಗೆ ನೂರು ಗ್ರಾಂ ಅಕ್ಕಿ, ಅಂದರೆ ಒಂದು ಊಟಕ್ಕೆ 2.3 ಕಿಲೋ. ಬೀನ್ಸ್ ರಾತ್ರಿಯೇ ನೆನೆಹಾಕಿ, ಇದ್ದಿಲು ಉಳಿಯುತ್ತದೆ. ಮಾಟೋಕೆ ಅನ್ನುವ ಹಸಿ ಬಾಳೆಕಾಯಿಯನ್ನು ಸಿಪ್ಪೆ ಸುಲಿದು, ಬಾಳೆಲೆಯಲ್ಲಿ ಕಟ್ಟಿ, ಗಂಟೆಗಟ್ಟಲೆ ಹಬೆಯಲ್ಲಿ ಬೇಯಿಸುತ್ತಾರೆ, ಜೊತೆಗೆ ನೆಲಗಡಲೆಯ ಸಾರು. ಅದನ್ನು ಅಡುಗೆಯ ಅಕ್ಕನ ಪಕ್ಕ ಕೂತು ಕಲಿಯಿರಿ, ನೀವೇ ಬೇರೆ ಅಡುಗೆ ಹೇಳಿಕೊಡಲು ಹೋಗಬೇಡಿ. ತಿಂಗಳಿಗೊಮ್ಮೆ ಅವರೇ ಕೇಳಿದಾಗ ನಾನು ತಿಳಿಸಾರು ಮಾಡುತ್ತಿದ್ದೆ.

ಕುಡಿಯಲು ತಲೆಗೆ ಮೂರು ಲೀಟರ್ ಹಿಡಿಯಿರಿ. ಹಳದಿ ಜೆರ್ರಿ ಕ್ಯಾನ್ ಒಂದರಲ್ಲಿ 20 ಲೀಟರ್ ಹಿಡಿಯುತ್ತದೆ, ಹಾಗಾಗಿ ದಿನಕ್ಕೆ ಕುದಿಸಿದ ನೀರೇ ನಾಲ್ಕು ಕ್ಯಾನ್ ತಯಾರಿರಬೇಕು. ಹೊಸಬರಿಗೆ ಒಮ್ಮೆ ಬೋರ್‌ವೆಲ್‌ನಿಂದ ಅರ್ಧ ಕ್ಯಾನ್ ಹೊತ್ತು ತರಲು ಹೇಳಿ. ಆಮೇಲೆ ಸ್ನಾನಕ್ಕೆ ಒಂದು ಬಕೆಟ್ ಸಾಕಾಗುತ್ತದೆ.

ಯಾರಿಗಾದರೂ ಜ್ವರ ಬಂದರೆ ಬೆಳಗಾಗಲಿ ಅಂತ ಕಾಯಬೇಡಿ. ರಾತ್ರಿ ಎರಡಾದರೂ ಕ್ಲಿನಿಕ್‌ಗೆ ಕರೆದುಕೊಂಡು ಹೋಗಿ ಮಲೇರಿಯಾ ಪರೀಕ್ಷೆ ಮಾಡಿಸಿ. ಸೊಳ್ಳೆ ಕಚ್ಚಿ ಕನಿಷ್ಠ ಒಂದು ವಾರ ಆಗದೆ ಮಲೇರಿಯಾ ಜ್ವರ ಬರುವುದಿಲ್ಲ, ಆದ್ದರಿಂದ ಬಂದ ಎರಡನೇ ದಿನದ ಜ್ವರಕ್ಕೆ ಕಾರಣ ಬೇರೆ ಇರುತ್ತದೆ. ಆದರೆ ತೀರ್ಮಾನ ನಿಮ್ಮದಲ್ಲ, ನರ್ಸಿನದು. ಒಂದು ಪುಸ್ತಕದಲ್ಲಿ ಯಾರಿಗೆ, ಯಾವಾಗ, ಏನು ಕೊಟ್ಟಿರಿ ಅಂತ ಬರೆದಿಡಿ.

8. ಭಾನುವಾರ

ಆರಾಧನೆ ಮೂರು ಗಂಟೆ ನಡೆಯಬಹುದು, ಮೊದಲೇ ಹೇಳಿರಿ. ಹೊಸಬರನ್ನು ಎಬ್ಬಿಸಿ ನಿಲ್ಲಿಸಿ ಸಭೆಗೆ ವಂದನೆ ಹೇಳಿ ಅನ್ನುತ್ತಾರೆ. ಎರಡು ಸಾಲು ಲುಗಾಂಡಾ ಕಲಿಸಿರಿ, ಇಡೀ ಚರ್ಚು ಚಪ್ಪಾಳೆ ತಟ್ಟುತ್ತದೆ.

ಕಾಣಿಕೆಗೆ ಹಣವಿಲ್ಲದವರು ಮೊಟ್ಟೆ, ಕಬ್ಬು, ಹಲಸಿನ ಹಣ್ಣು, ಕೋಳಿ ತರುತ್ತಾರೆ, ಆರಾಧನೆ ಕೊನೆಯಲ್ಲಿ ಅದನ್ನೆಲ್ಲ ಹರಾಜು ಹಾಕುತ್ತಾರೆ. ನಮ್ಮ ಬೆಳೆ ಹಬ್ಬದ ಏಲಂ ನೋಡಿದವರಿಗೆ ಇದು ಹೊಸದಲ್ಲ. ಒಂದು ಭಾನುವಾರ ಜಾಜಾ ಒಬ್ಬರು, ಹಂಚಿಲ್ಲದ ತಗಡಿನ ಮನೆಯವರು, ತಮ್ಮ ಕೋಳಿಯನ್ನು ಹರಾಜಿಗೆ ಕೊಡದೆ ನೇರ ತಂಡದ ಹೆಣ್ಣುಮಗಳೊಬ್ಬಳ ಕೈಗೆ ಕೊಟ್ಟರು. ಅವಳು ಕಣ್ಣೀರು ಹಾಕಿ, "ನನಗೆ ಬೇಡ, ನೀವೇ ಇಟ್ಟುಕೊಳ್ಳಿ, ನಿಮಗೆ ಬೇಕಾಗುತ್ತದೆ" ಅಂತ ವಾಪಸ್ ಕೊಟ್ಟಳು. ಪ್ರೀತಿಯಿಂದಲೇ. ಚರ್ಚಿನಲ್ಲಿ ಸದ್ದಡಗಿತು. ಜಾಜಾ ಕೋಳಿ ಹಿಡಿದು ತಲೆ ತಗ್ಗಿಸಿ ನಿಂತರು. ನಾನು ಮೊದಲೇ ತಿಳಿಸದೆ ಹೋದದ್ದು ಎಂಥ ತಪ್ಪು ಅಂತ ಆಗ ಗೊತ್ತಾಯಿತು. ಸಂಜೆ ಅವಳನ್ನು ಕರೆದುಕೊಂಡು ಜಾಜಾ ಮನೆಗೆ ಹೋದೆ. ಅವಳು ಮಂಡಿಯೂರಿ, ಎರಡು ಕೈ ಚಾಚಿ ಆ ಕೋಳಿ ಕೇಳಿ ತೆಗೆದುಕೊಂಡಳು. ಜಾಜಾ ಅವಳ ತಲೆ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿದರು. ಅವಳು ಆಮೇಲೆ ಬರೆದ ಪತ್ರದಲ್ಲಿ ಉಗಾಂಡಾದ ಬಗ್ಗೆ ಬೇರೇನೂ ಇರಲಿಲ್ಲ, ಅದೊಂದೇ ಇತ್ತು.

ಹಾಗಾಗಿ ಕೊಟ್ಟದ್ದನ್ನು ಎರಡೂ ಕೈಯಿಂದ ತೆಗೆದುಕೊಳ್ಳಿ ಅಂತ ಮೊದಲ ಬೆಳಗ್ಗೆಯೇ ಹೇಳಿ. ಕೋಳಿ ಅಡುಗೆಮನೆಗೆ ಬರಲಿ, ಮರುದಿನ ಊಟಕ್ಕೆ ಕೊಟ್ಟವರನ್ನೂ ಕರೆಯಿರಿ.

9. ಹಣ ಮತ್ತು ಮಾತು

ಆರನೇ ಏಳನೇ ದಿನಕ್ಕೆ ತಂಡದವರ ಮನಸ್ಸು ಕರಗಿರುತ್ತದೆ. ಯಾರೋ ಒಬ್ಬ ಹುಡುಗನಿಗೆ ಫೀಸು ಕಟ್ಟುತ್ತೇನೆ ಅನ್ನುತ್ತಾರೆ, ಯಾರೋ ಫೋನ್ ಕೊಡುತ್ತೇನೆ ಅನ್ನುತ್ತಾರೆ. ಊರಿಗೆ ಹೋದ ಮೇಲೆ ಮರೆತುಹೋಗುತ್ತದೆ. ಆ ಹುಡುಗ ಪ್ರತಿ ವಾರ ನಿಮ್ಮ ಬಾಗಿಲಿಗೆ ಬಂದು, "ಪತ್ರ ಬಂತಾ ಆಂಟಿ" ಅಂತ ಕೇಳುತ್ತಾನೆ. ಇಂಥ ಒಬ್ಬ ಹುಡುಗನಿಗೆ ನಾನು ಎಂಟು ತಿಂಗಳು ಉತ್ತರ ಕೊಟ್ಟಿದ್ದೇನೆ.

ಆದ್ದರಿಂದ ನಿಯಮ ಇಡಿ. ಯಾರೂ ಯಾರಿಗೂ ನೇರವಾಗಿ ಹಣ, ಮಾತು ಕೊಡಬಾರದು. ಕೊಡಬೇಕೆನ್ನಿಸಿದರೆ ಊರಿಗೆ ಹೋಗಿ ಒಂದು ತಿಂಗಳು ಕಳೆದ ಮೇಲೆ ಶಾಲೆಯ ಸಮಿತಿಗೆ ಬರೆಯಲಿ. ಒಂದು ತಿಂಗಳಾದ ಮೇಲೂ ಬರೆಯುವವರು ವರ್ಷಗಟ್ಟಲೆ ಕೊಡುತ್ತಾರೆ. ಕೈಯಲ್ಲಿ ಬಂದ ಪ್ರತಿ ಶಿಲ್ಲಿಂಗಿಗೂ ರಶೀದಿ, ಹಣ ಎಣಿಸುವಾಗ ಇಬ್ಬರು ಇರಬೇಕು, ಆದಷ್ಟೂ ಮೊಬೈಲ್ ಮನಿಯಲ್ಲೇ, ಅಂದರೆ ಫೋನಿನ ಮೂಲಕವೇ, ಕಳಿಸಿ, ಲೆಕ್ಕ ತಾನಾಗಿ ಉಳಿಯುತ್ತದೆ.

10. ನಿಮ್ಮನ್ನೂ ನೋಡಿಕೊಳ್ಳಿ

ಎರಡು ತಂಡಗಳ ನಡುವೆ ಕನಿಷ್ಠ ಹತ್ತು ದಿನ ಬಿಡಿ. ತಂಡ ಇದ್ದಾಗಲೂ ದಿನಕ್ಕೊಂದು ಗಂಟೆ ಬಾಗಿಲು ಹಾಕಿಕೊಂಡು ಪ್ರಾರ್ಥನೆ ಮಾಡಿ, ಅಥವಾ ಸುಮ್ನೆ ಮಲಗಿ. ಮೂರು ವಾರಕ್ಕೊಮ್ಮೆ ಹೊಸ ಸ್ನೇಹಿತರು ಸಿಗುತ್ತಾರೆ, ಅಪ್ಪಿಕೊಂಡು ಅಳುತ್ತಾ ಹೊರಡುತ್ತಾರೆ, ನೀವು ಅಲ್ಲೇ ಉಳಿಯುತ್ತೀರಿ. ಈ ಬೀಳ್ಕೊಡುಗೆಗಳ ಭಾರ ಆರು ತಿಂಗಳಲ್ಲಿ ಮೈಗೆ ಬರುತ್ತದೆ. ನನಗೆ ಊರಿನ ಗೆಳೆತನವೇ ಆಧಾರವಾಯಿತು. ಅಡುಗೆಯ ಅಕ್ಕನ ಮನೆಯಲ್ಲಿ ಶನಿವಾರ ಸಂಜೆ ಕೂತು ಬೀನ್ಸ್ ಬಿಡಿಸುವುದು, ಅವರ ಮಗಳ ತಲೆ ಬಾಚುವುದು. ಅಮ್ಮನಿಗೆ ಫೋನ್ ಮಾಡಿ ಕನ್ನಡದಲ್ಲಿ ಹತ್ತು ನಿಮಿಷ ಮಾತಾಡುವುದು.

11. ಕೊನೆಯ ಎರಡು ದಿನ, ಆಮೇಲಿನ ಎರಡು ವಾರ

ಹಳ್ಳಿಯಿಂದ ನೇರ ವಿಮಾನಕ್ಕೆ ಕಳಿಸಬೇಡಿ. ನಾವು ಒಂದು ರಾತ್ರಿ ಜಿಂಜಾದಲ್ಲಿ ನಿಲ್ಲುತ್ತಿದ್ದೆವು, ನೈಲ್ ನದಿ ಸರೋವರ ಬಿಟ್ಟು ಹರಿಯಲು ಶುರುವಾಗುವ ಊರು. 1948ರಲ್ಲಿ ಗಾಂಧೀಜಿಯ ಚಿತಾಭಸ್ಮದ ಒಂದು ಭಾಗವನ್ನು ಇಲ್ಲೇ ಬಿಟ್ಟರು, ಅವರ ಪ್ರತಿಮೆ ಇದೆ. ನದಿ ದಡದಲ್ಲಿ ಕೂರಿಸಿ ಪ್ರತಿಯೊಬ್ಬರಿಗೂ ಕೇಳುತ್ತಿದ್ದೆ: ಇಲ್ಲಿ ಯಾರಿಂದ ಏನು ಕಲಿತಿರಿ, ಹೆಸರು ಹೇಳಿ. ಎಷ್ಟು ಕೊಟ್ಟಿರಿ ಅಂತ ಕೇಳುತ್ತಿರಲಿಲ್ಲ. ಊರಿಗೆ ಹೋದ ಮೇಲೆ ಮಲೇರಿಯಾ ಮಾತ್ರೆ ಡಾಕ್ಟರು ಹೇಳಿದಷ್ಟು ದಿನ ಮುಂದುವರಿಸಿ, ತಿಂಗಳುಗಳ ನಂತರ ಜ್ವರ ಬಂದರೂ ಉಗಾಂಡಾಕ್ಕೆ ಹೋಗಿದ್ದೆ ಅಂತ ಡಾಕ್ಟರಿಗೆ ಹೇಳಿ, ಇದನ್ನು ಬರೆದು ಕೈಗೆ ಕೊಡಿ.

ತಂಡ ಹೋದ ಮೇಲೆ ಅಧ್ಯಕ್ಷರು, ಹೆಡ್‌ಮಾಸ್ಟರ್, ಮೇಸ್ತ್ರಿ, ಅಡುಗೆಯ ಅಕ್ಕ ಎಲ್ಲರನ್ನೂ ಕೂರಿಸಿ ಚಹಾ ಕೊಟ್ಟು, ಏನು ಸರಿಯಾಗಲಿಲ್ಲ ಹೇಳಿ ಅಂತ ಕೇಳಿ. ಮೊದಲು ಎಲ್ಲ ಚೆನ್ನಾಗಿತ್ತು ಅನ್ನುತ್ತಾರೆ. ಎರಡನೇ ಲೋಟ ಚಹಾ ಆಗುವವರೆಗೆ ಕಾಯಿರಿ.

ಕೊನೆಯ ಕೆಲಸ ಫೋಟೋದ್ದು. ತಂಡದವರು ಬಸ್ಸು ಹತ್ತುವ ಮೊದಲೇ ಎಲ್ಲರ ಫೋನಿನಿಂದ ಫೋಟೋಗಳನ್ನು ಒಂದು ಮೆಮೊರಿ ಕಾರ್ಡಿಗೆ ಹಾಕಿಸಿಕೊಳ್ಳಿ, ಆಮೇಲೆ ಕಳಿಸುತ್ತೇನೆ ಅಂದರೆ ಒಪ್ಪಬೇಡಿ. ಮರುವಾರ ಮುಕೋನೋದ ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿ, ಈ ಖರ್ಚನ್ನೂ ತಂಡದ ಲೆಕ್ಕದಲ್ಲಿ ಮೊದಲೇ ಸೇರಿಸಿರಿ. ಹಿಂದೆ ಹೆಸರು ಬರೆದು, ಮನೆ ಮನೆಗೆ ನಡೆದುಕೊಂಡು ಹೋಗಿ ಮಕ್ಕಳ ಕೈಗೇ ಕೊಟ್ಟು ಬನ್ನಿ.